ಹೊಸ್ತಿಲ ಕಡೆಗೆ ಬಾಲ

ನಮ್ಮೂರಿನಲ್ಲಿ ಶೌಚಾಲಯದ ಕಾಗದದ ಸುರುಳಿಯನ್ನು ದುಡ್ಡು ಕೊಟ್ಟು ತರುವ ದ್ರಾಕ್ಷಿ ಬೆಳೆಗಾರ ನಾನೊಬ್ಬನೇ. ಹೇಳಿಕೊಳ್ಳಲು ಸ್ವಲ್ಪ ಸಂಕೋಚ, ಆದರೆ ನಿಜ. ಅಥಣಿಯ ಅಂಗಡಿಯಲ್ಲಿ ಮೊದಲ ಸಲ ಕೇಳಿದಾಗ ಅಂಗಡಿಯವನು ದನಿ ತಗ್ಗಿಸಿ, "ಮನ್ಯಾಗ ಯಾರಿಗರ ಆರಾಮ ಇಲ್ಲೇನ್ರಿ?" ಎಂದ. "ಹಂಗೇನಿಲ್ರಿ, ವಿಮಾನಕ್ಕ ಬೇಕಾಗೇತಿ" ಎಂದೆ. ಅವನು ಸುರುಳಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಇಂಥ ಕಾಯಿಲೆ ಶತ್ರುವಿಗೂ ಬೇಡ ಎನ್ನುವ ಮುಖ ಮಾಡಿ ಕೈಗಿಟ್ಟ.

ವಿಮಾನಕ್ಕೆ ಬೇಕಾಗಿದ್ದದ್ದು ಮಾತ್ರ ಸುಳ್ಳಲ್ಲ. ಅಥಣಿಗೂ ಕಾಗವಾಡಕ್ಕೂ ನಡುವೆ ನಮ್ಮ ತೋಟ. ದ್ರಾಕ್ಷಿ ಒಂದಿಷ್ಟು, ಕಬ್ಬು ಒಂದಿಷ್ಟು. ಎರಡರ ನಡುವೆ ಸಿಕ್ಕ ಹೊತ್ತಿನಲ್ಲಿ ನಾನು ಆಟದ ವಿಮಾನ ಕಟ್ಟುತ್ತೇನೆ. ಆಟದ್ದೆಂದರೆ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದಲ್ಲ. ನಾನು ಎರಡೂ ಕೈ ಚಾಚಿ ನಿಂತರೆ ಎಷ್ಟಗಲವೋ ಅಷ್ಟಗಲ ರೆಕ್ಕೆ, ಮೂಗಿನಲ್ಲಿ ಮೋಟಾರು, ಹೊಟ್ಟೆಯಲ್ಲಿ ಬ್ಯಾಟರಿ, ನನ್ನ ಕೈಯಲ್ಲಿ ರಿಮೋಟು. ಇಷ್ಟು ಗಾಂಭೀರ್ಯದಿಂದ ಮಾಡುವ ಕೆಲಸಕ್ಕೆ ಆಟ ಎನ್ನುವ ಹೆಸರು ಬಂದದ್ದು ಹೇಗೋ ನನಗೆ ತಿಳಿಯದು.

ಪಕ್ಕದ ತೋಟದ ಅಣ್ಣಾಸಾಬನಿಗೆ ಇದರ ಪ್ರಯೋಜನವೇ ದೊಡ್ಡ ಚಿಂತೆ. ಈಗ ನಮ್ಮ ಕಡೆ ಕಬ್ಬಿಗೆ ಡ್ರೋನಿನಿಂದ ಔಷಧ ಹೊಡೆಯುವವರು ಬಂದಿದ್ದಾರಲ್ಲ, ಅದನ್ನು ನೋಡಿದಾಗಿನಿಂದ ಆಕಾಶಕ್ಕೆ ಹೋದದ್ದೆಲ್ಲ ಏನಾದರೂ ಕೆಲಸ ಮಾಡಿಯೇ ಬರಬೇಕೆಂದು ಅವನ ನಂಬಿಕೆ. ನಾನು ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದಿ ಅದನ್ನು ಯಾವ ನೌಕರಿಗೂ ಬಳಸದೆ ಬಿಟ್ಟವನಾದ್ದರಿಂದ ಚೇಷ್ಟೆಗೆ ಇಂಜಿನಿಯರ್ ಸಾಹೇಬ್ರು ಎಂದೇ ಕರೆಯುತ್ತಾನೆ.

"ಇಂಜಿನಿಯರ್ ಸಾಹೇಬ್ರ, ಇದು ಔಷಧ ಹೊಡೀತೈತೇನ್ರಿ?"

"ಇಲ್ಲ."

"ಫೋಟೋ ತಗೀತೈತಿ?"

"ಇಲ್ಲ."

"ಮತ್ತ ಏನ್ ಮಾಡ್ತೈತಿ?"

"ಹಾರ್ತೈತಿ."

"ಹಾರಿ?"

"ಹಾರಿ, ಇಳೀತೈತಿ."

"ಅರೆ ರಾವ್! ಇಳ್ಯಾಕಂತ ಹಾರೂದ್ ಯಾಕ? ಮೊದಲ ಕೆಳಗ ಐತೆಲ್ಲ!"

ಅವನ ಲೆಕ್ಕವೇನೂ ತಪ್ಪಲ್ಲ. ಆಗಂತೂ ಇನ್ನೊಂದು ತೊಂದರೆಯಿತ್ತು. ನನ್ನ ವಿಮಾನ ಹಾರುತ್ತಲೂ ಇರಲಿಲ್ಲ.

ಕಾರಣ ತಿಳಿಯಬೇಕಾದರೆ ವಿಮಾನದ ಮೈ ಬಗ್ಗೆ ಸ್ವಲ್ಪ ಹೇಳಬೇಕು. ಇದನ್ನು ಬಾಲ್ಸಾ ಎಂಬ ಮರದಿಂದ ಕಟ್ಟುವುದು. ಮರವೆಂದು ಕರೆಯುವುದು ಬರಿಯ ಮರ್ಯಾದೆಗೆ. ಮದುವೆಯಲ್ಲಿ ಬಾಸಿಂಗ ಮಾಡುವ ಬೆಂಡು ನೋಡಿದ್ದೀರಲ್ಲ, ಅದರ ಅಣ್ಣನೋ ತಮ್ಮನೋ ಇರಬೇಕು. ಅಷ್ಟು ಹಗುರ. ಉಗುರು ಒತ್ತಿದರೆ ಗುಳಿ ಬೀಳುತ್ತದೆ. ಸ್ವಲ್ಪ ಜೋರಾಗಿ ನೆಲಕ್ಕಿಳಿದರೆ ಚಕ್ಕೆ ಚಕ್ಕೆ. ಆದ್ದರಿಂದ ಅದರ ಮೈಗೆ ಒಂದು ಚರ್ಮ ಹೊದಿಸಬೇಕು. ಆ ಚರ್ಮವೇ ಫೈಬರ್‌ಗ್ಲಾಸ್, ಗಾಜಿನ ಎಳೆಯಿಂದ ನೇಯ್ದ ಬಟ್ಟೆ. ಬೋರಗಾಂವದಲ್ಲಿ ಮಗ್ಗ ಇಟ್ಟುಕೊಂಡಿರುವ ಗೆಳೆಯನೊಬ್ಬನಿಗೆ ಒಮ್ಮೆ ಒಂದು ತುಂಡು ತೋರಿಸಿದ್ದೆ. ಅವನು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಆಚೆಗಿನದೆಲ್ಲ ಕಂಡದ್ದಕ್ಕೆ ಗಾಬರಿಯಾಗಿ, "ಇದನ್ನ ಉಟ್ಕೊಂಡವ್ರ ಗತಿ ಏನೋ ಮಾರಾಯಾ" ಎಂದು ವಾಪಸು ಕೊಟ್ಟ. ಅವನು ಹೇಳಿದ್ದು ಸರಿಯೇ. ಅದರ ಪುಡಿ ಮೈಗೆ ತಗುಲಿದರೆ ಕಬ್ಬಿನ ಒಣಗರಿಯ ರವದಿಯಲ್ಲಿ ಹೊರಳಾಡಿ ಎದ್ದಷ್ಟು ಕೆರೆತ.

ಈ ಬಟ್ಟೆಯನ್ನು ರೆಕ್ಕೆಯ ಮೇಲೆ ಹಾಸಿ, ಮೃದುವಾದ ಬ್ರಷ್ಷಿನಿಂದ ಸುಕ್ಕು ಬಿಡಿಸಿ, ಮೇಲೆ ರಾಳ ಹಚ್ಚಬೇಕು. ರಾಳವೆಂದರೆ ಎರಡು ಬಾಟಲಿಯ ದ್ರವ. ಬೇರೆ ಬೇರೆ ಇದ್ದಾಗ ಎರಡೂ ಸಾಧು, ಕೂಡಿಸಿದರೆ ಕೆಲ ಹೊತ್ತಿನಲ್ಲಿ ಕಲ್ಲು. ನಮ್ಮ ಬೇಸಿಗೆಯಲ್ಲಿ ಕಪ್ಪಿನಲ್ಲೇ ಬಿಟ್ಟು ಮಾತಿಗೆ ನಿಂತರೆ ಬಿಸಿಯಾಗಿ ಹೊಗೆಯಾಡಿ, ಕಪ್ಪೂ ಚಮಚವೂ ಸೇರಿ ಒಂದೇ ಗಟ್ಟಿಯಾಗುತ್ತದೆ. ಬೆಲ್ಲದ ಗಾಣದಲ್ಲಿ ಪಾಕ ನೋಡುವವನು ಯಾರ ಮಾತಿಗೂ ಉತ್ತರ ಕೊಡದೆ ಯಾಕೆ ಕೊಪ್ಪರಿಗೆಯನ್ನೇ ನೋಡುತ್ತ ನಿಂತಿರುತ್ತಾನೆಂದು ನನಗೆ ಅರ್ಥವಾದದ್ದು ರಾಳ ಕಲಸಲು ಕಲಿತ ಮೇಲೆಯೇ.

ಇದೆಲ್ಲ ದೊಡ್ಡ ವಿಜ್ಞಾನವೆಂದು ನಾನು ಬೀಗುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಪಡಸಾಲೆಯ ಗೋಡೆಗೆ ಒರಗಿಸಿಟ್ಟ ಮೊರ ನೋಡಿ ಸುಮ್ಮನಾದೆ. ಮೊರ ಸವೆದು ತೂತು ಬಿದ್ದಾಗ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ರದ್ದಿ ಕಾಗದವನ್ನೂ ಮೆಂತ್ಯವನ್ನೂ ನೆನೆಹಾಕಿ, ಒರಳಲ್ಲಿ ಕುಟ್ಟಿ, ಆ ಲೋಳೆಯನ್ನು ಮೊರಕ್ಕೆ ಬಳಿದು ಬಿಸಿಲಿಗಿಡುತ್ತಾರೆ. ಕಾಗದದ ಎಳೆ ಒಂದು, ಮೆಂತ್ಯದ ಅಂಟು ಒಂದು. ಎಳೆಗೆ ಬಲವಿದೆ, ನಿಲ್ಲುವ ಆಕಾರವಿಲ್ಲ. ಅಂಟಿಗೆ ಆಕಾರವಿದೆ, ತಡೆಯುವ ಬಲವಿಲ್ಲ. ಎರಡೂ ಸೇರಿದರೆ ಮತ್ತೆ ಹತ್ತು ವರ್ಷ ಜೋಳ ಕೇರಬಹುದು. ಸಗಣಿಯಲ್ಲಿ ಹೊಟ್ಟು ಕಲಸಿ ಕಣಜ ಮೆತ್ತುವುದೂ ಇದೇ ಲೆಕ್ಕ. ವಿಮಾನ ಕಟ್ಟುವ ಊರುಗಳು ದೂರದವು, ವಿದ್ಯೆ ಮಾತ್ರ ನಮ್ಮ ಪಡಸಾಲೆಯ ಮೂಲೆಯಲ್ಲಿ ತಲೆಕೆಳಗಾಗಿ ನಿಂತಿತ್ತು.

ಆದರೆ ಒಂದು ವಿಷಯದಲ್ಲಿ ನಮ್ಮ ಸೀಮೆಯ ಸಂಸ್ಕಾರ ಈ ಕೆಲಸಕ್ಕೆ ಪೂರಾ ವಿರುದ್ಧ. ರಾಳವನ್ನು ಜಿಪುಣತನದಿಂದ ಹಚ್ಚಬೇಕು. ಬಟ್ಟೆ ಒದ್ದೆಯಾಗಿ ಕಣ್ಣಿಗೆ ಕಾಣದಂತಾದರೆ ಸಾಕು; ಮಿಕ್ಕಿದ್ದೆಲ್ಲ ಭಾರ. ನಾವೋ, ಹೋಳಿಗೆಯ ಮೇಲೆ ತುಪ್ಪ ಬಡಿಸುವಾಗ ಉಣ್ಣುವವನು ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡವೆಂದರೂ ಬೆರಳ ಸಂದಿಯಿಂದ ಸುರಿಯುವ ಜನ. ಬಿಗಿ ಕೈಯಲ್ಲಿ ಬಡಿಸಿದವರ ಹೆಸರು ಮೂರು ತಲೆಮಾರು ಕೆಟ್ಟಿರುತ್ತದೆ. ಅಂಥ ಮನೆಯಲ್ಲಿ ಬೆಳೆದ ಕೈ ನನ್ನದು. ಮೊದಲನೆಯ ವಿಮಾನಕ್ಕೆ ನಾನು ರಾಳ ಹಚ್ಚಲಿಲ್ಲ, ಬಡಿಸಿದೆ. ಪರಿಣಾಮ, ಅದು ಊರ ಹೊರಗಿನ ಮಡ್ಡಿಯ ಬರಡು ಬಯಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಚಕ್ರದ ಮೇಲೆ ಓಡಿ, ಬದುವಿಗೆ ಹಾಯ್ದು, ಮೂಗು ಮುರಿದುಕೊಂಡು ನಿಂತಿತು. ಅಣ್ಣಾಸಾಬ ಬೈಕಿನಲ್ಲಿ ಪಕ್ಕದಲ್ಲೇ ಓಡಿಸಿಕೊಂಡು ಬಂದಿದ್ದ. "ರಸ್ತಾದ ಮ್ಯಾಲ ಚಲೋ ಓಡ್ತೈತ್ರಿ" ಎಂದು ಸಮಾಧಾನ ಹೇಳಿದ.

ಎರಡನೆಯದಕ್ಕೆ ಬುದ್ಧಿ ಕಲಿತೆ. ಹೆಚ್ಚಾದ ರಾಳವನ್ನು ಹೀರಿ ತೆಗೆಯಲು ಶೌಚಾಲಯದ ಕಾಗದದ ಸುರುಳಿಯನ್ನು ರೆಕ್ಕೆಯ ಮೇಲೆ ಹಪ್ಪಳ ಲಟ್ಟಿಸಿದ ಹಾಗೆ ಉರುಳಿಸಬೇಕೆಂದು ಗೊತ್ತಾದದ್ದು ಆಗಲೇ. ಅದು ಹಾರಿತು ಕೂಡ. ಹಾರಿ, ನನ್ನ ಮಾತು ಕೇಳದೆ, ಅಣ್ಣಾಸಾಬನ ಕಬ್ಬಿನೊಳಗೆ ಎಲ್ಲೋ ಇಳಿಯಿತು. ಬಿಳಿಯ ವಿಮಾನ, ತೆನೆ ಬಂದ ಬಿಳಿಯ ಕಬ್ಬು. ಹುಡುಕಿ ಹುಡುಕಿ ಮುಖ ಕೈಯೆಲ್ಲ ಗೀರಿಕೊಂಡು ಬಂದೆ. ಕಟಾವಿಗೆ ಬಂದವರಿಗೆ ಒಂದು ರೆಕ್ಕೆ ಸಿಕ್ಕಿತು. ಅದರೊಳಗೆ ಇಲಿ ಮರಿ ಹಾಕಿತ್ತು.

ಹೀಗೆ ಮೂರನೆಯದನ್ನು ಕಟ್ಟುತ್ತಿದ್ದಾಗ ಸದಲಗಾದಿಂದ ನಮ್ಮ ಅತ್ತೆ, ಎಂದರೆ ನನ್ನ ಹೆಂಡತಿ ಶೋಭಾಳ ತಾಯಿ, ಬಂದರು.

ಅತ್ತೆಗೂ ನನಗೂ ಬಹಳ ಪ್ರೀತಿ, ಮಾತು ಮಾತ್ರ ಇಲ್ಲ. ತಪ್ಪು ತಿಳಿಯಬೇಡಿ, ಜಗಳವಲ್ಲ, ಮರ್ಯಾದೆ. ಹಳೆಯ ಮನೆತನಗಳಲ್ಲಿ ಅತ್ತೆ ಅಳಿಯನೊಡನೆ ನೇರ ಮಾತಾಡುವುದಿಲ್ಲ. ನಡುವೆ ಶೋಭಾ ಬೇಕು. ನಾನು ಎರಡು ಮಾರು ದೂರದಲ್ಲಿ ಕೂತಿರುತ್ತೇನೆ. ಅವರು ಸೆರಗು ಸರಿ ಮಾಡಿಕೊಂಡು, "ಅಳಿಯಂದ್ರು ಚಾ ಕುಡೀತಾರೇನ ಕೇಳ ಶೋಭಾ" ಎನ್ನುತ್ತಾರೆ. ನಾನು, "ಅರ್ಧ ಕಪ್ ಸಾಕಂತ ಹೇಳ" ಎನ್ನುತ್ತೇನೆ. ಶೋಭಾ ಬಾಯಿ ತೆರೆಯುವ ಮೊದಲೇ ಅರ್ಧ ಕಪ್ಪು ಬಂದಿರುತ್ತದೆ. ಮದುವೆಯಾದಾಗಿನಿಂದ ಹೀಗೇ ನಡೆದಿದೆ. ಒಂದು ಅಪಾರ್ಥವೂ ಆಗಿಲ್ಲ. ನೇರವಾಗಿ ಮಾತಾಡಿಕೊಳ್ಳುವ ನಾನೂ ಶೋಭಾಳೂ ಹಾಗೆ ಹೇಳುವಂತಿಲ್ಲ.

ನಾನು ವಿಮಾನ ಕಟ್ಟುವುದು ಒಣದ್ರಾಕ್ಷಿ ತುಂಬಿಡುವ ಖೋಲಿಯಲ್ಲಿ. ಅಳಿಯ ಕೆಲಸ ಮಾಡುವ ಜಾಗವೆಂದು ಅತ್ತೆ ಅದರೊಳಗೆ ಕಾಲಿಡುವುದಿಲ್ಲ. ಹೊಸ್ತಿಲಾಚೆ ನಿಂತು, ಬಾಗಿಲ ಚೌಕಟ್ಟಿಗೆ ಕೈಯಾನಿಸಿ, ಬಹಳ ಹೊತ್ತು ನೋಡುತ್ತಿದ್ದರು. ಒಂದು ದಿನ ಅಲ್ಲಿಂದಲೇ ಕೇಳಿದರು:

"ಮೊದಲಿನ ಎರಡೂ ಬಿದ್ದುವಂತಲ್ಲವಾ ಶೋಭಾ, ಅವಕ್ಕ ಪೂಜಿ ಮಾಡಿಸಿದ್ರೇನ ಕೇಳ."

"ಮಾಡಿಲ್ಲಂತ ಹೇಳ" ಎಂದೆ.

"ಹೂಂ" ಎಂದರು ಅತ್ತೆ. ರೋಗದ ಬೇರು ಸಿಕ್ಕ ವೈದ್ಯರು ಹೀಗೇ ಹೂಂ ಎನ್ನುತ್ತಾರೆ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಆ ದಿನ ಬಟ್ಟೆ ಹೊದಿಸುವ ಕೆಲಸ ನನ್ನ ಜನ್ಮದಲ್ಲೇ ಆಗದಷ್ಟು ಚೆನ್ನಾಗಿ ಆಯಿತು. ಸುಕ್ಕಿಲ್ಲ, ಗುಳ್ಳೆಯಿಲ್ಲ. ನಡುವೆ ಚೂರೇ ರಾಳ ಸುರಿದು, ಅವಧಿ ಮುಗಿದ ಬ್ಯಾಂಕಿನ ಕಾರ್ಡಿನಿಂದ ಅಂಚಿನ ಕಡೆಗೆ ಎಳೆದಂತೆಲ್ಲ ಬಿಳಿಯ ಬಟ್ಟೆ ಕರಗಿ ಹೋಗಿ ಮರದ ನಾರು ಕಾಣತೊಡಗಿತು. ಸುರುಳಿ ಉರುಳಿಸಿ ಹೆಚ್ಚಿನದನ್ನು ಹೀರಿದೆ. ರೆಕ್ಕೆ, ಮೈ, ಕೊನೆಗೆ ಬಾಲ. ಉದ್ದನೆಯ ಹಲಗೆಯ ಮೇಲೆ ಎಲ್ಲವನ್ನೂ ಸಾಲಾಗಿ ಇಟ್ಟೆ. ಜಾಗ ಸಾಲದೆ ಬಾಲ ಬಾಗಿಲ ಕಡೆಗೆ ಬಂತು. ರಾಳ ಇನ್ನೂ ಕೈಗಂಟುತ್ತಿತ್ತು, ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟು, ಒಣಗಲು ಹಾಕಿದ ದ್ರಾಕ್ಷಿ ನೋಡಿಕೊಂಡು ಬರಲು ಶೆಡ್ಡಿಗೆ ಹೋದೆ.

ಬಂದು ನೋಡುತ್ತೇನೆ, ವಿಮಾನ ಹಳದಿ.

ಭಂಡಾರ! ದೇವರ ಅರಿಶಿನದ ಪುಡಿ. ನಮ್ಮ ಕಡೆ ಹೊಸ ಟ್ರ್ಯಾಕ್ಟರು, ಹೊಸ ಕರು, ಹೊಸ ಬೋರ್‌ವೆಲ್ಲು, ಯಾವುದೇ ಇರಲಿ, ಮೇಲೊಂದು ಹಿಡಿ ಭಂಡಾರ ಬೀಳದೆ ಕೆಲಸ ಶುರುವಾಗುವುದಿಲ್ಲ. ಟ್ರ್ಯಾಕ್ಟರಿನ ಮೇಲೆ ಬಿದ್ದದ್ದು ಮೊದಲ ಮಳೆಗೆ ತೊಳೆದು ಹೋಗುತ್ತದೆ. ಕರು ಮೈ ಕೊಡವಿ ಉದುರಿಸಿಕೊಳ್ಳುತ್ತದೆ. ಹಸಿ ರಾಳದ ಮೇಲೆ ಬಿದ್ದದ್ದು ಎಲ್ಲಿ ಹೋದೀತು? ಬೆರಳಿಟ್ಟು ನೋಡಿದೆ. ಗಟ್ಟಿಯಾಗಿ ಕೂತು, ಉಪ್ಪುಕಾಗದದಂತೆ ಒರಟಾಗಿತ್ತು. ಬಾಲದ ಮೇಲೆ ದಪ್ಪ, ಮೈಮೇಲೆ ಸಾಧಾರಣ, ಮೂಗಿನ ಹತ್ತಿರ ಚಿಟಿಕೆಯಷ್ಟೂ ಇಲ್ಲ. ಎಸೆದವರು ಹೊಸ್ತಿಲಾಚೆ ನಿಂತೇ ಎಸೆದಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಣ್ಣಿಗೆ ನೀರೇ ಬಂದಿತು. "ಯಾರದು ಇದನ್ನ ಮಾಡಿದವ್ರು?" ಎಂದು ಕೂಗಿದೆ. ಶೋಭಾ ಓಡಿ ಬಂದು ತುಟಿಯ ಮೇಲೆ ಬೆರಳಿಟ್ಟಳು.

"ಸಣ್ಣಾಗಿ ಮಾತಾಡ್ರಿ. ಅವ್ವ ಹಾಕ್ಯಾಳ."

ಸಿಟ್ಟು ಬಂದಾಗ ಬೈಯಲು ಜನ ಬೇಕು. ಹೆಂಡತಿಯನ್ನು ಬೈಯೋಣವೆಂದರೆ ಅವಳು ಮಾಡಿಲ್ಲ. ಮಾಡಿದವರನ್ನು ಬೈಯೋಣವೆಂದರೆ ಅವರೊಡನೆ ನಾನು ಮಾತೇ ಆಡುವುದಿಲ್ಲ. ಬೈಗುಳವನ್ನೂ ಶೋಭಾಳ ಕೈಯಲ್ಲೇ ಕೊಟ್ಟು ಕಳಿಸಬೇಕು. ಖೋಲಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಾಡಿದೆ. ಶೋಭಾ ಬಾಗಿಲು ಮುಂದಕ್ಕೆ ಮಾಡಿ ಒಳಗೆ ಬಂದಳು.

ಅವಳು ಹೇಳಿದ್ದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ನಾನು ಯಾವತ್ತೂ ಕೂಡಿಸಿ ನೋಡಿರಲಿಲ್ಲ. ಸದಲಗಾದಲ್ಲಿ ಅತ್ತೆಯ ಕೈಗುಣ ಹೆಸರಾದದ್ದು. ಅವರು ಮುಟ್ಟಿದ ಕರು ಬದುಕುತ್ತದೆ, ಅವರು ಹೆಪ್ಪು ಹಾಕಿದ ಮೊಸರು ಕಡಿದರೆ ಬೆಣ್ಣೆ ಜಾಸ್ತಿ. ಬಿತ್ತನೆಗೆ ಕೂರಿಗೆ ಪೂಜೆ ಮಾಡಿದಾಗ ಬೀಜ ಬಿಡುವ ಬಟ್ಟಲಿಗೆ ಮೊದಲ ಹಿಡಿ ಬೀಜ ಅವರದೇ ಆಗಬೇಕೆಂದು ಅಕ್ಕಪಕ್ಕದ ಹೊಲದವರೂ ಕಾಯುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅದೆಲ್ಲ ನಿಂತಿತು. ಯಾರೂ ಬೇಡ ಅನ್ನಲಿಲ್ಲ. ಯಾರೂ ಬಾ ಅನ್ನಲೂ ಇಲ್ಲ. ಅತ್ತೆ ತಾವೇ ಹಿಂದಕ್ಕೆ ಸರಿದು ಗೋಡೆಯ ಕಡೆ ನಿಲ್ಲಲು ಕಲಿತರು.

"ಅಪ್ಪ ಹೋದ ಮ್ಯಾಲ ಅವ್ವ ಯಾವುದಕ್ಕೂ ಮೊದಲ ಕೈ ಹಚ್ಚಿಲ್ರಿ" ಎಂದಳು ಶೋಭಾ. "ಇವತ್ತ ನಿಮ್ಮ ಇಮಾನಕ್ಕ ಹಚ್ಯಾಳ. ಕೂರಿಗಿಗೆ ಶಾಸ್ತ್ರ ಐತಿ, ಮದುವಿಗೆ ಶಾಸ್ತ್ರ ಐತಿ, ಇಮಾನದ ಶಾಸ್ತ್ರ ಯಾರಿಗೂ ಗೊತ್ತಿಲ್ಲ, ಬ್ಯಾಡ ಅನ್ನಾವ್ರು ಯಾರೂ ಇಲ್ಲ ಅಂದ್ಲು. ಭಾಳ ಖುಷಿಲೆ ಹಾಕ್ಯಾಳ್ರಿ."

ನಾನು ತಿರುಗಾಟ ನಿಲ್ಲಿಸಿ ಹಲಗೆಯ ಪಕ್ಕ ಕೂತೆ.

"ಆದ್ರ ಇದು ಬಿತ್ತಂದ್ರ," ಎಂದಳು, "ತನ್ನ ಕೈ ಅಂತಾಳ. ಮತ್ತ ಯಾವುದಕ್ಕೂ ಮುಂದ ಬರೂದಿಲ್ಲ."

ಎಂಥ ಪೇಚು ನೋಡಿ. ಅಲ್ಲಿಯವರೆಗೆ ವಿಮಾನ ಬಿದ್ದರೆ ಹೋಗುವುದು ನನ್ನ ಮಾನ ಮಾತ್ರ, ಅದು ಅಣ್ಣಾಸಾಬನ ಕೈಯಲ್ಲಿ ಹೇಗೂ ಹೋಗಿಯಾಗಿತ್ತು. ಈಗ ಅದರ ಮೇಲೆ ಅತ್ತೆಯ ಕೈ ಕೂತಿತ್ತು. ಉಜ್ಜಿ ತೆಗೆದುಬಿಡೋಣವೆಂದು ಮರುದಿನ ಉಪ್ಪುಕಾಗದ ಹಿಡಿದು ಕೂತೆ. ತೆಗೆದ ಮೇಲೆ ಏನಾದರೂ ನೆವ ಹೇಳಿದರಾಯಿತು, ಬಿಸಿಲಿಗೆ ಬಣ್ಣ ಹಾರಿತು ಎಂದೋ ಏನೋ. ಮೊದಲ ಎಳೆತ ಎಳೆಯಬೇಕು, ಹೊಸ್ತಿಲಲ್ಲಿ ನೆರಳು ಬಿತ್ತು. ಅತ್ತೆ ಇಣುಕಿ ನೋಡಿ, ಒಳಗಿದ್ದ ಮಗಳಿಗೆ ಕೂಗಿ ಹೇಳಿದರು:

"ಶೋಭಾ, ಒಂದೀಟೂ ಉದುರಿಲ್ಲ ನೋಡವಾ! ಹೆಂಗ ಹಿಡಕೊಂಡೈತಿ!"

ಅವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು. ಉಪ್ಪುಕಾಗದವನ್ನು ಮಡಚಿ ತೊಡೆಯ ಕೆಳಗೆ ಸೇರಿಸಿದೆ.

ಮುಂದಿನದು ಬರೀ ತೂಕದ ಪಾಡು. ಒರಟಾದ ಮೈ ಗಾಳಿಯಲ್ಲಿ ಜಾರುವುದಿಲ್ಲ, ಆದ್ದರಿಂದ ಮೇಲೊಂದು ಕೈ ರಾಳ ಹಚ್ಚಿದೆ. ಅರಿಶಿನದ ಪುಡಿಯ ಬಾಯಾರಿಕೆ ನನಗೆ ಗೊತ್ತಿರಲಿಲ್ಲ. ಹಚ್ಚಿದ್ದನ್ನೆಲ್ಲ ಕುಡಿದು ಇನ್ನಷ್ಟು ಕೇಳಿತು. ಒಣಗಿದ ಮೇಲೆ ನೋಡಲು ಚೆಂದವೇ ಇತ್ತು, ಜೇನುತುಪ್ಪದೊಳಗೆ ಸಿಕ್ಕಿಬಿದ್ದ ಬೆಳಗಿನ ಬಿಸಿಲಿನ ಹಾಗೆ. ಆದರೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಬಾಲ ಧೊಪ್ಪೆಂದು ಕೆಳಗೆ ಕೂತಿತು. ಬಾಲ ಭಾರವಾದ ವಿಮಾನ ಎದ್ದ ಕೂಡಲೇ ಮೂಗು ಆಕಾಶಕ್ಕೆ ಮಾಡಿ, ಒಂದು ಕ್ಷಣ ನಿಂತು, ಹಿಂದಕ್ಕೆ ಮಗುಚುತ್ತದೆ. ಇದಕ್ಕೆ ಒಂದೇ ಮದ್ದು, ಮೂಗಿಗೂ ಭಾರ ಕಟ್ಟುವುದು. ಹೊಳೆಯ ದಂಡೆಗೆ ಹೋಗಿ, ಬಲೆಯ ಅಂಚಿಗೆ ಪೋಣಿಸುವ ಸೀಸದ ಗುಂಡುಗಳನ್ನು ಮೀನುಗಾರರಿಂದ ಕೇಳಿ ತಂದು ಮೂಗಿನೊಳಗೆ ತುಂಬಿದೆ. ಬಾಲ ಎದ್ದಿತು, ಆದರೆ ಒಟ್ಟು ಭಾರ ಮೊದಲನೆಯ ವಿಮಾನದ ಹತ್ತಿರ ಹೋಗಿ ನಿಂತಿತು. ರಾಳದಲ್ಲಿ ಜಿಪುಣತನ ಮಾಡಿ ನಾನು ಉಳಿಸಿದ್ದನ್ನೆಲ್ಲ ಅತ್ತೆ ಒಂದೇ ಹಿಡಿಯಲ್ಲಿ ಬಡಿಸಿದ್ದರು. ಏನಾದರೂ ಇಳಿಸಲೇಬೇಕೆಂದು ಚಕ್ರಗಳನ್ನು ಕಿತ್ತು ತೆಗೆದೆ. ಚಕ್ರವಿಲ್ಲದ ವಿಮಾನವನ್ನು ಕೈಯಿಂದ ಎಸೆಯಬೇಕು. ನನ್ನ ಎರಡೂ ಕೈಯಲ್ಲಿ ರಿಮೋಟು ಇರುತ್ತದೆ. ಶೋಭಾಳಿಗೆ ವಿಮಾನದ ಮೂಗಿನಲ್ಲಿ ತಿರುಗುವ ಫ್ಯಾನು ಕಂಡರೆ ಭಯ. ಉಳಿದವನು ಅಣ್ಣಾಸಾಬ. ಅವನಾದರೋ ಗಾಡಿಗೆ ಕಬ್ಬಿನ ಹೊರೆ ಒಗೆದ ಹಾಗೆ ಒಗೆಯುವವನು.

ಅಂತೂ ಒಂದು ಬೆಳಿಗ್ಗೆ, ಗಾಳಿ ಏಳುವ ಮೊದಲು, ಎಲ್ಲರೂ ಮಡ್ಡಿಗೆ ಹೋದೆವು. ಅಣ್ಣಾಸಾಬ ಬೈಕಿನ ಮೇಲೆ ಮೊದಲೇ ಬಂದು ಕೂತಿದ್ದ. ವಿಮಾನದ ಬಣ್ಣ ನೋಡಿ ಏನೋ ಹೇಳಲು ಬಾಯಿ ತೆರೆದವನು, ಭಂಡಾರವೆಂದು ಗೊತ್ತಾದ ಕೂಡಲೇ ಚಪ್ಪಲಿ ಕಳಚಿ ಕೈಮುಗಿದ. ಅತ್ತೆ ಬಹಳ ಹಿಂದೆ, ಬೇವಿನ ಗಿಡದ ಹತ್ತಿರವೇ ನಿಂತುಬಿಟ್ಟರು. ಶೋಭಾ ಕರೆದರೆ ತಲೆಯಾಡಿಸಿದರು.

"ನಾ ಇಲ್ಲೇ ಸೈ. ಹೊಂಡೂ ಹೊತ್ತಿನ್ಯಾಗ ನಾ ಎದುರಿಗೆ ಬ್ಯಾಡಂತ ಹೇಳವಾ ಅವರಿಗೆ."

ಒಂದು ಹಿಡಿ ಎಸೆಯುವಷ್ಟು ಧೈರ್ಯ ಮಾಡಿದವರು ಅಷ್ಟರಲ್ಲೇ ಮತ್ತೆ ಗೋಡೆಯ ಕಡೆಗೆ ಸರಿದಿದ್ದರು. ಮಡ್ಡಿಯಲ್ಲಿ ಗೋಡೆ ಇಲ್ಲದ್ದಕ್ಕೆ ಗಿಡದ ಹತ್ತಿರ. ಶೋಭಾಳಿಗೆ ಏನು ಹೇಳಿ ಕಳಿಸಬೇಕೆಂದು ತಿಳಿಯಲಿಲ್ಲ. ಕೆಲವು ಮಾತು ಇನ್ನೊಬ್ಬರ ಕೈಯಲ್ಲಿ ಕಳಿಸಿದರೆ ದಾರಿಯಲ್ಲೇ ಆರಿಹೋಗುತ್ತವೆ. ವಿಮಾನ ಎತ್ತಿಕೊಂಡು ನಾನೇ ಬೇವಿನ ಗಿಡದವರೆಗೆ ನಡೆದೆ.

"ಅತ್ತಿ, ಮುಂದ ಬರ್ರಿ. ಇದನ್ನ ನೀವ ಒಗೀಬೇಕು."

ಶೋಭಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅತ್ತೆ ಅಭ್ಯಾಸ ಬಲದಿಂದ ಮಗಳ ಕಡೆ ತಿರುಗಿದರು, ಮಗಳು ಏನೂ ಹೇಳದಿರುವುದು ನೋಡಿ ನೆಲ ನೋಡಿದರು. ಕೊನೆಗೆ ನೆಲಕ್ಕೇ ಕೇಳಿದರು:

"ಬಿದ್ರ?"

"ಬಿದ್ರ ನಂದು. ನಿಮ್ಮ ಕೈ ಬಿಟ್ಟ ಮ್ಯಾಲ ಮುಂದಿಂದೆಲ್ಲಾ ಈ ರಿಮೋಟಿಂದು, ನಿಮ್ಮದೇನಿಲ್ಲ."

ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಹೊಟ್ಟೆಯ ಕೆಳಗೆ ಹೀಗೆ ಹಿಡಿಯಿರಿ, ಮೇಲಕ್ಕಲ್ಲ, ನೇರ ಮುಂದಕ್ಕೆ ಎಂದು ತೋರಿಸಿದೆ. ಮೋಟಾರು ಗುಂಯ್ ಎಂದಿತು. ಅತ್ತೆ ಎರಡು ಹೆಜ್ಜೆ ಓಡಿ ಒಗೆದರು. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾದ ತೋಳು ಅದು. ವಿಮಾನ ನೂಲು ಹಿಡಿದಂತೆ ನೇರ ಹೋಯಿತು.

ಹೋಗಿ, ಇಳಿಯತೊಡಗಿತು. ಸೊಂಟದ ಎತ್ತರ, ಮೊಣಕಾಲೆತ್ತರ. ಒಣ ಹುಲ್ಲಿನ ತುದಿಗೆ ಹೊಟ್ಟೆ ಸವರಿತು. ನನ್ನ ಹೆಬ್ಬೆರಳು ರಿಮೋಟಿನ ಕೋಲನ್ನು ಎಷ್ಟು ಹಿಂದಕ್ಕೆ ಎಳೆಯಬೇಕೆಂದು ಬೇಡಿಕೊಳ್ಳುತ್ತಿತ್ತೋ ಅಷ್ಟು ಎಳೆಯದೆ ತಡೆದು ಹಿಡಿದೆ, ವೇಗ ಬರಲಿ ಎಂದು. ಆಮೇಲೆ ಅದು ಯಾರೋ ಕೆಳಗಿನಿಂದ ಎತ್ತಿದ ಹಾಗೆ ಒಂದು ಗೇಣು ಮೇಲೆ ಬಂತು. ಇನ್ನೊಂದು ಗೇಣು. ಬದು ದಾಟಿತು. ಬೇವಿನ ಗಿಡದೆತ್ತರ ದಾಟಿತು. ತಿರುಗಿ ಬಂದು ನಮ್ಮ ತಲೆಯ ಮೇಲೆ ಹಾಯುವಾಗ ಸೂರ್ಯನ ಬೆಳಕು ರಾಳದೊಳಗಿನ ಅರಿಶಿನಕ್ಕೆ ತಾಗಿ ಇಡೀ ಬಾಲ ಹೊಳೆಯಿತು.

"ಹಾರ್ತಲ್ಲೋ ರಾವ್!" ಎಂದು ಅಣ್ಣಾಸಾಬ ಬೈಕಿನಿಂದ ಜಿಗಿದ. ಅದು ಯಾಕೆ ಹಾರಬೇಕು, ಹಾರಿ ಏನು ಮಾಡುತ್ತದೆ ಎಂದು ಆ ದಿನ ಅವನಿಗೂ ಕೇಳಬೇಕೆನಿಸಲಿಲ್ಲ.

ನಾನು ಆಕಾಶವನ್ನೇ ನೋಡುತ್ತಿದ್ದೆ. ಎಷ್ಟು ಸುತ್ತು ಹೊಡೆಸಿದೆನೋ ಲೆಕ್ಕವಿಲ್ಲ. ಪಕ್ಕದಲ್ಲೇ ಮೆಲ್ಲನೆ ಒಂದು ದನಿ ಕೇಳಿತು.

"ಸಾಕ್ರಿ. ಇಳಿಸ್ರಿ ಇನ್ನ. ಭಾಳ ಹೊತ್ತಾತು, ದಣದೀತು."

ತಿರುಗಿ ನೋಡಿದರೆ ಅತ್ತೆ. ನಡುವೆ ಶೋಭಾ ಇರಲಿಲ್ಲ. ಅವಳು ದೂರದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು. ನಾನು ಅಪ್ಪಣೆಯಂತೆ ಇಳಿಸಿದೆ. ಹೊಟ್ಟೆಯ ಮೇಲೆ ಜಾರಿಕೊಂಡು ಬಂದು ನಿಂತಿತು. ಗಾಜಿನ ಚರ್ಮಕ್ಕೆ ಒಂದೆರಡು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಭಂಡಾರ ಹಾಗೆಯೇ ಇತ್ತು.

ಅಷ್ಟು ಭಾರದ ವಿಮಾನ ಹೇಗೆ ಹಾರಿತು? ಲೆಕ್ಕ ಹಾಕಿ ನೋಡಿದ್ದೇನೆ. ಬೆಳಗಿನ ತಂಪು ಗಾಳಿ, ಸರಿಯಾದ ಎಸೆತ, ಮೂಗಿನ ಸೀಸ, ಎಲ್ಲ ಕೂಡಿಸಿದರೆ ಹಾರಬಹುದು ಎಂದು ಬರುತ್ತದೆ, ಕಷ್ಟಪಟ್ಟು. ಆ ಕಷ್ಟಪಟ್ಟು ಎನ್ನುವ ಜಾಗದಲ್ಲಿ ಅತ್ತೆಯ ಕೈಗುಣವನ್ನು ಕೂರಿಸಿದರೆ ನನ್ನ ಡಿಪ್ಲೊಮಾಕ್ಕೆ ಅವಮಾನವೇನಿಲ್ಲ. ಹೇಗೂ ಅದು ಖಾಲಿಯೇ ಕೂತಿದೆ.

ಮಿರಗದ, ಎಂದರೆ ಮೃಗಶಿರೆಯ ಮಳೆ ಬಿದ್ದ ವಾರ ಸದಲಗಾದಿಂದ ಶೋಭಾಳ ತಮ್ಮ ಫೋನು ಮಾಡಿದ್ದ. ಅತ್ತೆ ಆ ಬೆಳಿಗ್ಗೆ ಯಾರನ್ನೂ ಕೇಳದೆ ಹೊಲಕ್ಕೆ ಬಂದು, ಎಲ್ಲರೂ ನೋಡುತ್ತಿದ್ದಂತೆ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜ ಹಾಕಿದರಂತೆ. "ಯಾರರ ಏನರ ಅಂದ್ರೇನೋ?" ಎಂದು ಶೋಭಾ ಕೇಳಿದಳು. "‘ಯಾರ ಅಂತಾರ? ನಾ ಇಮಾನ ಹಾರಿಸೀನಿ’ ಅಂದ್ಲು ಅವ್ವ" ಎಂದನಂತೆ ತಮ್ಮ.

ಈಗ ನಾಲ್ಕನೆಯ ವಿಮಾನ ಕಟ್ಟುತ್ತಿದ್ದೇನೆ. ಅತ್ತೆ ದಸರೆಗೆಂದು ಬಂದವರು ಇನ್ನೂ ಇದ್ದಾರೆ. ಈಗಲೂ ಖೋಲಿಯೊಳಗೆ ಕಾಲಿಡುವುದಿಲ್ಲ. ಚಹಾದ ಮಾತು ಮತ್ತೆ ಶೋಭಾಳ ಮೂಲಕವೇ ನಡೆದಿದೆ. ಆಕಾಶದಲ್ಲಿ ಏನಾದರೂ ಇದ್ದಾಗ ಮಾತ್ರ ನಾವು ನೇರ ಮಾತಾಡುತ್ತೇವೆ. ನಿನ್ನೆ ಬಟ್ಟೆ ಹಾಸಿ, ರಾಳ ಹಚ್ಚಿ, ಸುರುಳಿ ಉರುಳಿಸಿ ಮುಗಿಸಿದೆ. ಕೈ ತೊಳೆದುಕೊಂಡು, "ಶೆಡ್ಡಿನ್ಯಾಗ ಭಾಳ ಕೆಲಸ ಐತಿ, ನಾ ಬರೂದು ತಡಾ ಆಕ್ಕೈತಿ" ಎಂದು ಮನೆಗೆಲ್ಲ ಕೇಳುವಂತೆ ಹೇಳಿ ಹೊರಟೆ. ಶೆಡ್ಡಿನಲ್ಲಿ ಈಗ ಒಂದು ದ್ರಾಕ್ಷಿಯೂ ಇಲ್ಲ. ಹೋಗುವ ಮೊದಲು ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ. ಆಮೇಲೆ ಹಲಗೆಯನ್ನು ಮೆಲ್ಲಗೆ ತಿರುಗಿಸಿ, ಬಾಲವನ್ನು ಗೋಡೆಯ ಕಡೆಗೆ ಮಾಡಿ, ಈ ಸಲ ಸೀಸದ ಗುಂಡು ತರುವ ಕೆಲಸ ತಪ್ಪಲೆಂದು, ಮೂಗನ್ನು ಹೊಸ್ತಿಲ ಕಡೆಗೆ ಇಟ್ಟು ಬಂದೆ.